ನುಡಿಯ ಬೇರು, ನೆತ್ತರಿನ ಬೇಲಿ



ಜರ್ಮನ್ ರಾಷ್ಟ್ರೀಯತೆಯ ಮೂಲವನ್ನು ಕುರಿತು ನಾನು ಇಲ್ಲಿ ಮಾತನಾಡುವುದಕ್ಕೆ ಕಾರಣವಿದೆ. ಒಂದು ನುಡಿಯನ್ನಾಡುವವರೆಲ್ಲ ಒಂದು ಜನ ಎಂಬ ನಂಬಿಕೆಯ ಮೇಲೆಯೇ ಹೊರನಾಡಿನ ನಮ್ಮ ಸಂಘಗಳೂ ನಿಂತಿವೆ. ಜರ್ಮನಿಯಲ್ಲಿ ಆ ನಂಬಿಕೆ ಹೇಗೆ ಬೆಳೆಯಿತು, ಎಲ್ಲಿ ದಾರಿ ತಪ್ಪಿತು ಎಂಬುದನ್ನು ನಾವು ಅರಿಯಬೇಕು.

ಹದಿನೆಂಟನೆಯ ಶತಮಾನದ ಜರ್ಮನಿ ಒಂದು ದೇಶವಾಗಿರಲಿಲ್ಲ. ನೂರಾರು ಸಂಸ್ಥಾನಗಳಾಗಿ ಹಂಚಿಹೋಗಿತ್ತು. ಅರಮನೆಗಳಲ್ಲಿ ಫ್ರೆಂಚ್ ಭಾಷೆಗೆ ಮನ್ನಣೆಯಿತ್ತು. ಆಗ ಹೆರ್ಡರ್ (1744-1803) ಎಂಬ ಚಿಂತಕನು, ಜನತೆಯ ಚೇತನವು ಅದರ ನುಡಿಯಲ್ಲಿ, ಜನಪದ ಗೀತೆಗಳಲ್ಲಿ ನೆಲೆಸಿದೆಯೆಂದು ಸಾರಿದನು. ಅವನು ಸಂಗ್ರಹಿಸಿದ ಹಾಡುಗಳು ಜರ್ಮನರವಷ್ಟೇ ಅಲ್ಲ, ಹಲವು ಜನಾಂಗಗಳವು.

1806ರಲ್ಲಿ ನೆಪೋಲಿಯನ್ನನು ಯೇನಾ ಕದನದಲ್ಲಿ ಪ್ರಷ್ಯವನ್ನು ಸೋಲಿಸಿದನು. ಫ್ರೆಂಚ್ ಸೈನ್ಯದ ವಶದಲ್ಲಿದ್ದ ಬರ್ಲಿನ್ನಿನಲ್ಲಿ ಫಿಕ್ಟೆ 1807-08ರ ಚಳಿಗಾಲದಲ್ಲಿ ಉಪನ್ಯಾಸಗಳನ್ನು ಕೊಟ್ಟನು. ಜರ್ಮನ್ ಬೇರಿನಿಂದ ಜೀವಂತವಾದ ನುಡಿ, ಫ್ರೆಂಚ್‌ನಂಥವು ಬೇರೊಣಗಿದವು ಎಂಬುದು ಅವನ ವಾದ. ಸೋತವರ ಸ್ವಾಭಿಮಾನದೊಳಗೆ ಮೇಲರಿಮೆ ನುಸುಳಿತು. 1871ರಲ್ಲಿ ಬಿಸ್ಮಾರ್ಕನ ನೇತೃತ್ವದಲ್ಲಿ ಜರ್ಮನಿ ಒಂದಾಯಿತು. ಕ್ರಮೇಣ ಜನಾಂಗವಾದಿಗಳು ನುಡಿಯನ್ನು ಬಿಟ್ಟು ನೆತ್ತರನ್ನೇ ಅಳತೆಗೋಲಾಗಿ ಹಿಡಿದರು. ಯಹೂದಿ ಮನೆತನದಲ್ಲಿ ಹುಟ್ಟಿದ ಹೈನೆ ಜರ್ಮನ್ ಭಾಷೆಯ ಮಹಾಕವಿ. ನಾಜಿಗಳ ಕಾಲದಲ್ಲಿ, 1933ರಲ್ಲಿ, ಅವನ ಪುಸ್ತಕಗಳನ್ನು ಸುಟ್ಟರು. 1935ರ ನ್ಯೂರೆಂಬರ್ಗ್ ಕಾಯಿದೆಗಳು ಅಜ್ಜ ಅಜ್ಜಿಯರ ಕುಲವನ್ನೆಣಿಸಿ ಪೌರತ್ವವನ್ನು ನಿರ್ಧರಿಸಿದವು.

ಆದರೆ ಅದೇ ಜರ್ಮನಿಯಿಂದ ಧರ್ಮಪ್ರಚಾರಕ್ಕೆಂದು ಬಂದವರು ಕನ್ನಡಕ್ಕೆ ದುಡಿದದ್ದನ್ನೂ ನೆನೆಯೋಣ. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು, ಕಿಟೆಲ್ಲರ ನಿಘಂಟು 1894ರಲ್ಲಿ ಪ್ರಕಟವಾಯಿತು. ಇವರ ನೆತ್ತರನ್ನು ನಾವು ಕೇಳಲಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗೋವಿಂದ ಪೈಗಳದು ಕೊಂಕಣಿ. ಇವರನ್ನು ಹೊರಗಿಟ್ಟರೆ ಆಧುನಿಕ ಕನ್ನಡದಲ್ಲಿ ಉಳಿಯುವುದೆಷ್ಟು?

ಗುಜರಾತೂ ಇದನ್ನೇ ಕಲಿಸುತ್ತದೆ. ಮರಾಠಿ ಮನೆಮಾತಿನ ಕಾಕಾ ಕಾಲೇಲ್ಕರರು ಗುಜರಾತಿಯ ಶ್ರೇಷ್ಠ ಗದ್ಯಕಾರರಾದರು. 1960ರ ಮೇ 1ರಂದು ಭಾಷೆಯ ಆಧಾರದ ಮೇಲೆಯೇ ರೂಪುಗೊಂಡ ಈ ರಾಜ್ಯದಲ್ಲಿ ನಾವೂ ನೆಲೆಯೂರಿದ್ದೇವೆ. ನೆರೆಯವರು ನೆತ್ತರಿನ ಅಳತೆಗೋಲನ್ನು ಹಿಡಿದರೆ ಮೊದಲು ಹೊರಗಾಗುವವರು ನಾವು.

ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರು ಕನ್ನಡಿಗರೇ, ಇಲ್ಲಿ ಹುಟ್ಟಿ ಗುಜರಾತಿಯಲ್ಲಿ ಓದಿದ ಮಕ್ಕಳು ಕನ್ನಡಿಗರೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರಾದರೂ ಎತ್ತಿದಾಗ ಜರ್ಮನಿಯ ಕಥೆ ನೆನಪಾಗಲಿ. ಹುಟ್ಟನ್ನು ಯಾರೂ ಬದಲಿಸಲಾರರು. ನುಡಿಯನ್ನು ಯಾರೂ ಕಲಿಯಬಲ್ಲರು. ಕನ್ನಡ ಕಲಿಯಬಯಸಿ ಬರುವ ನೆರೆಮನೆಯ ಗುಜರಾತಿ ಮಗುವಿಗೂ ನಮ್ಮ ಚಾಪೆಯ ಮೇಲೆ ಜಾಗವಿರಲಿ.