ಪಗ್ ನಾಯಿಯನ್ನು ತರುವ ಮುನ್ನ

ಮಕ್ಕಳು ನಾಯಿ ಬೇಕೆಂದು ಹಠ ಹಿಡಿದಿದ್ದಾರೆ. ಅದೂ ಆ ಚಪ್ಪಟೆ ಮೂಗಿನ, ಸುಕ್ಕು ಮೋರೆಯ ಪಗ್ ನಾಯಿಯೇ ಆಗಬೇಕಂತೆ. ನಿಮ್ಮಲ್ಲಿ ಕೆಲವರ ಮನೆಯ ಕಥೆಯೂ ಇದೇ ಇರಬಹುದು. 2003ರಲ್ಲಿ ಟಿ.ವಿ. ಜಾಹೀರಾತೊಂದರಲ್ಲಿ ಹುಡುಗನ ಬೆನ್ನುಬಿಡದೆ ನಡೆದ ಪಗ್ ನಮ್ಮ ಪಟ್ಟಣಗಳ ಮನಸ್ಸನ್ನು ಗೆದ್ದುಬಿಟ್ಟಿತು. ಮೂಲತಃ ಇದು ಚೀನಾದ ಅರಮನೆಗಳಲ್ಲಿ ಬೆಳೆದ ಪ್ರಾಣಿ. ಕಾವಲಿಗಲ್ಲ, ಬೇಟೆಗಲ್ಲ, ಜೊತೆಗೆಂದೇ ಸಾಕಿದ್ದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ, ಎರಡು ಮಾತಿಲ್ಲ.

ನಾನು ಹೇಳಬೇಕಾದ್ದು ಅದರ ಮೂಗಿನ ವಿಚಾರ. ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಆ ಸೌಕರ್ಯವಿಲ್ಲ. ಅಂಗಾಲಿನಲ್ಲಿ ಅಷ್ಟಿಷ್ಟು ಬೆವರುವುದನ್ನು ಬಿಟ್ಟರೆ, ನಾಲಗೆ ಚಾಚಿ ತೇಕುತ್ತ, ಬಾಯಿ ಮೂಗುಗಳ ತೇವವನ್ನು ಆರಿಸಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಉದ್ದ ಮೂತಿಯ ನಾಯಿಗೆ ಇದಕ್ಕೆ ಬೇಕಾದಷ್ಟು ಜಾಗವುಂಟು. ಪಗ್‌ನ ಮೂತಿಯ ಎಲುಬನ್ನಾದರೋ ಮನುಷ್ಯನು ತಲೆಮಾರುಗಟ್ಟಲೆ ಆರಿಸಿ ಆರಿಸಿ ಗಿಡ್ಡ ಮಾಡಿದ. ಒಳಗಿನ ಮಾಂಸ ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಹೊಳ್ಳೆಗಳು ಸೀಳುಗೆರೆಯಂತೆ ಕಿರಿದಾಗಿ, ಅಂಗುಳಿನ ಹಿಂದಿನ ಮೆತ್ತನೆಯ ಭಾಗ ಗಂಟಲಿಗೆ ಅಡ್ಡ ಬರುತ್ತದೆ. 'ತಾತ ಗೊರಕೆ ಹೊಡೆದ ಹಾಗಿದೆ' ಎಂದು ನಾವು ನಗುತ್ತೇವೆ. ಅದು ಉಸಿರಿಗಾಗಿ ಪಡುವ ಪಾಡು.

ರಾಯಚೂರಿನಲ್ಲಿ ನಾನು ದನದ ಡಾಕ್ಟರಾಗಿದ್ದಾಗ, ಮೇ ತಿಂಗಳ ಒಂದು ಮಧ್ಯಾಹ್ನ, ಒಬ್ಬರು ಪಗ್ ನಾಯಿಯನ್ನು ಎತ್ತಿಕೊಂಡು ಓಡಿಬಂದರು. ಹಿಂದೆ ಹೆಂಡತಿ, ಮಗಳು. ಮದುವೆಗೆ ಹೋಗಿದ್ದರಂತೆ. ಊಟ ಮುಗಿಸಿ ಬರುವಷ್ಟು ಹೊತ್ತು ಬೇವಿನ ನೆರಳಿನಲ್ಲಿ ಕಾರು ನಿಲ್ಲಿಸಿ, ಕಿಟಕಿ ನಾಲ್ಕು ಬೆರಳಿಳಿಸಿ, ನಾಯಿಯನ್ನು ಒಳಗೆ ಬಿಟ್ಟಿದ್ದರು. ನಾಯಿಯ ಸಹಜ ಶಾಖ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ನನ್ನ ಥರ್ಮಾಮೀಟರು 108 ತೋರಿಸಿತು. ನಾಲಗೆ ನೀಲಿಗಟ್ಟಿತ್ತು. ಸಂಜೆಯಾಗುವ ಮುಂಚೆಯೇ ತೀರಿಕೊಂಡಿತು. 'ನೀರು ಇಟ್ಟಿದ್ದೆವಲ್ರೀ, ಕಾಕಾ' ಎಂದಳು ಹುಡುಗಿ. ಅವರು ನಿರ್ದಯಿಗಳಲ್ಲ. ಯಾರೂ ಮೊದಲೇ ಹೇಳಿರಲಿಲ್ಲ, ಅಷ್ಟೆ.

ಬೇಸಗೆಯಲ್ಲಿ ಇದನ್ನು ತಿರುಗಾಡಿಸುವುದು ಸೂರ್ಯ ಏರುವ ಮೊದಲು. ಹಗಲೆಲ್ಲ ನೆರಳು, ಫ್ಯಾನು, ನೀರು ಬೇಕು. ತೇಕುವುದು ನಿಲ್ಲದೆ, ಜೊಲ್ಲು ಸುರಿದು, ಕಾಲು ತಡವರಿಸಿದರೆ, ಆಸ್ಪತ್ರೆಗೆ ಓಡುವ ಮೊದಲೇ ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಲು ತೊಡಗಿ, ದಾರಿಯಲ್ಲೂ ನಿಲ್ಲಿಸಬೇಡಿ. ಒದ್ದೆ ಟವೆಲು ಸುತ್ತಿ ಹಾಗೇ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ಇನ್ನೊಂದು ಶತ್ರು ನಮ್ಮ ಅಡಿಗೆಮನೆ. ಈ ನಾಯಿ 6ರಿಂದ 8 ಕಿಲೋ ತೂಗಬೇಕು. ಅಜ್ಜಿಯ ಕಡೆಯಿಂದ ಹೋಳಿಗೆ, ಮೊಮ್ಮಗನ ಕಡೆಯಿಂದ ಬಿಸ್ಕತ್ತು ಸಲ್ಲುತ್ತಿದ್ದರೆ ಅದು 12ಕ್ಕೆ ಹೋದೀತು; ಕೊಬ್ಬು ಗಂಟಲನ್ನೂ ಒತ್ತುತ್ತದೆ. ಸವರಿದರೆ ಪಕ್ಕೆಲುಬು ಕೈಗೆ ತಿಳಿಯಬೇಕು. ಕೊರಳಿಗೆ ಪಟ್ಟಿ ಕಟ್ಟಿ ಎಳೆಯಬೇಡಿ, ಎದೆಗೆ ಕಟ್ಟುವ ಪಟ್ಟಿ ಕೊಳ್ಳಿ. ಮೋರೆಯ ಸುಕ್ಕುಗಳನ್ನು ದಿನವೂ ಒರೆಸಿ ಒಣಗಿಸಬೇಕು. ಕಣ್ಣು ಉಬ್ಬಿಕೊಂಡಿರುವುದರಿಂದ ಬೇಗ ಗಾಯವಾಗುತ್ತದೆ. ಕಣ್ಣು ಕಿರಿದು ಮಾಡಿದರೆ ನಾಳೆ ನೋಡೋಣ ಎನ್ನಬೇಡಿ. ವರ್ಗವಾಗುವ ನೌಕರಿಯವರು ಇದನ್ನೂ ಕೇಳಬೇಕು: ಇಂಥ ನಾಯಿಗಳನ್ನು ಅನೇಕ ವಿಮಾನ ಕಂಪೆನಿಗಳು ಒಯ್ಯುವುದಿಲ್ಲ.

ಇಷ್ಟಾದರೂ ಬೇಕೇ ಎಂದರೆ, ಮರಿಯನ್ನಲ್ಲ, ಮೊದಲು ತಾಯಿಯನ್ನು ನೋಡಿ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಪಶುವೈದ್ಯರ ಪರೀಕ್ಷೆಯೊಂದಿದೆ: ನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ಮೊದಲೂ ಆಮೇಲೂ ಗಂಟಲಿನ ಸದ್ದನ್ನು ಸ್ಟೆತಾಸ್ಕೋಪಿನಲ್ಲಿ ಆಲಿಸುತ್ತಾರೆ. ಆಲಿಸುವುದು ವೈದ್ಯರ ಕೆಲಸ. ನಡೆಸಿ ನೋಡುವುದು ನಿಮ್ಮಿಂದಲೂ ಆದೀತು. ಅಂಗಳ ಸುತ್ತುವಷ್ಟರಲ್ಲಿ ಏದುಸಿರುಬಿಡುವ ತಾಯಿಯ ಮರಿ ಬೇಡ. 'ತಾಯಿ ಇಲ್ಲಿಲ್ಲ, ಫೋಟೋ ಇದೆ' ಎಂದು ಮಾರುವವನು ಹೇಳಿದರೆ, ಅಂದು ಬರಿಗೈಯಲ್ಲಿ ಮನೆಗೆ ಹಿಂದಿರುಗಿ. ಮಕ್ಕಳು ಅತ್ತಾರು. ಅಳಲಿ.