ಕಪಾಟಿನ ಬೂಷ್ಟು



ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ, ಆಟಿ ಕಳೆದು ಕಪಾಟು ತೆರೆದಾಗ ತಾಯಿಯ ಪಟ್ಟೆಸೀರೆಯ ಮೇಲೂ ಮಕ್ಕಳ ಪ್ರಮಾಣಪತ್ರದ ಮೇಲೂ ಬೂಷ್ಟು ಕಾಣುವುದು ಹೊಸತಲ್ಲ. ಕೂಡಲೇ ನುಸಿಗುಳಿಗೆ ತಂದಿಡುತ್ತೇವೆ. ಅದು ಹುಳುಗಳನ್ನು ದೂರವಿರಿಸೀತೇ ಹೊರತು ತೇವವನ್ನು ಹೀರದು.

ಬೂಷ್ಟೆಂಬುದು ಶಿಲೀಂಧ್ರ. ಅದರ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲಿಯೂ ಇರುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡಾ 60ರೊಳಗೆ ನಿಂತರೆ ಅವು ಮೊಳೆಯುವುದು ಕಷ್ಟ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ 80ನ್ನು ಮೀರಿರುವಾಗ, ಗಾಳಿಯಾಡಲೆಂದು ಕಪಾಟನ್ನು ತೆರೆದಿಟ್ಟರೆ ಒಳಗಿನದು ಒಣಗುವುದೆಂತು? ನಾನೂ ಬಹುಕಾಲ ಹಾಗೆಯೇ ಮಾಡಿದವನು! ಬಿಸಿಲು ಬಿದ್ದ ಮಧ್ಯಾಹ್ನವೇ ಅದಕ್ಕೆ ತಕ್ಕ ಹೊತ್ತು.

ನಿಜವಾದ ಅಪರಾಧಿ ಹಲವು ವೇಳೆ ಗೋಡೆ. ಮುರಕಲ್ಲು ರಂಧ್ರಮಯವಾದುದು, ಪಡುವಣ ಮಳೆಯ ಹೊಡೆತಕ್ಕೆ ಸಿಕ್ಕ ಗೋಡೆ ನೀರನ್ನು ಹೀರಿ ತಂಪಾಗಿಯೇ ಉಳಿಯುತ್ತದೆ. ಅದಕ್ಕೆ ಬೆನ್ನು ತಾಗಿಸಿದ ಕಪಾಟಿನಲ್ಲಿ ಬೂಷ್ಟು ಹಿಂಬದಿಯಿಂದಲೇ ಆರಂಭವಾಗುವುದು. ಕಪಾಟನ್ನು ಒಳಗೋಡೆಯ ಬಳಿಗೆ ಸರಿಸಿ, ನಾಲ್ಕು ಬೆರಳಿನಷ್ಟು ಎಡೆ ಬಿಡಿರಿ.

ಬಟ್ಟೆಗಳನ್ನು ಇಸ್ತ್ರಿ ಮಾಡಿ, ಬಿಸಿಯಾರಿದ ಮೇಲೆ ಒಳಗಿಡಬೇಕು. ನೀರು ತಾಗದ ಸುಟ್ಟ ಸುಣ್ಣವು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಬಲ್ಲುದು. ಹೀರಿದಂತೆ ಉಬ್ಬುವುದರಿಂದ ಮಣ್ಣಿನ ಪಾತ್ರೆಯಲ್ಲಿ ಅರ್ಧದಷ್ಟೇ ತುಂಬಿಸಿ, ಕಪಾಟಿನ ಬಾಗಿಲನ್ನು ಭದ್ರವಾಗಿ ಮುಚ್ಚಿರಿ, ಪುಡಿಯಾದೊಡನೆ ಬದಲಾಯಿಸಿರಿ. ಮಕ್ಕಳೇ, ಅದನ್ನು ಮುಟ್ಟಕೂಡದು. ಕಣ್ಣಿಗೆ ಬಿದ್ದರೆ ಸುಟ್ಟೀತು.

ಬೂಷ್ಟು ಹಿಡಿದ ಬಟ್ಟೆಯನ್ನು ಕೋಣೆಯೊಳಗೆ ಕೊಡವಬೇಡಿರಿ. ಉಬ್ಬಸವುಳ್ಳ ಮಗುವಿಗೆ ಆ ಧೂಳು ಬಲು ಕೆಡುಕು. ಮೂಗಿಗೆ ಬಟ್ಟೆ ಕಟ್ಟಿ, ಅಂಗಳದಲ್ಲಿಯೇ ಕೊಡವಿರಿ. ಪ್ರಮಾಣಪತ್ರವನ್ನು ಮಾತ್ರ ಒದ್ದೆಬಟ್ಟೆಯಿಂದ ಒರಸದೆ ನೆರಳಿನಲ್ಲಿ ಪೂರ್ತಿ ಒಣಗಿಸಿ, ಬಳಿಕ ಮೃದುವಾದ ಕುಂಚದಿಂದ ಹೊರಗಡೆಯೇ ಮೆಲ್ಲನೆ ಸವರಿರಿ.