ಸ್ವರ್ಣಕಮಲ ಬಂತು, ಗಂಟು ಬಂತೇ?

(ಮಡಿಕೇರಿಯ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಪಿ.ಯು.ಸಿ. ಮುಗಿಸಿ ಪ್ರೆಸ್ಸಿಗೆ ಬಿದ್ದವನು. ಸಿನಿಮಾ ಪಂಡಿತನಲ್ಲ. ಆದರೆ ಲೆಕ್ಕ ಗೊತ್ತು. ಕಾಗದಕ್ಕೆಷ್ಟು, ಮಸಿಗೆಷ್ಟು, ಆಳಿಗೆಷ್ಟು, ಕಡೆಗೆ ಕೈಯಲ್ಲಿ ಉಳಿಯುವುದೆಷ್ಟು ಎಂದು ದಿನಾ ಕೂಡಿ ಕಳೆಯುವವನು. ಇವತ್ತು ಅದೇ ಲೆಕ್ಕವನ್ನು ಪ್ರಶಸ್ತಿ ಗೆದ್ದ ನಿರ್ದೇಶಕರ ಬಗ್ಗೆ ಹಾಕಿ ತೋರಿಸುತ್ತೇನೆ.

ನಮ್ಮ ಹುಡುಗರು ಕೇಳುತ್ತಾರೆ: “ಅಣ್ಣಾ, ಕಲಾತ್ಮಕ ಚಿತ್ರ ತೆಗೆದವರು ಚೆನ್ನಾಗಿ ದುಡ್ಡು ಮಾಡಿಕೊಂಡಿರಬೇಕಲ್ಲವಾ? ದೆಹಲಿಯಲ್ಲಿ ಪ್ರಶಸ್ತಿ, ಫಾರಿನ್ನಿನಲ್ಲಿ ಸನ್ಮಾನ!” ಕೇಳಬೇಕಾದ ಪ್ರಶ್ನೆಯೇ. ಆದರೆ ಮೊದಲು ಇನ್ನೊಂದು ಪ್ರಶ್ನೆ ಕೇಳಿ. ಸಿನಿಮಾ ಯಾರ ಸ್ವತ್ತು?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕ. ನಿರ್ದೇಶಕನಲ್ಲ! ಪ್ರಧಾನ ನಿರ್ದೇಶಕನನ್ನೂ ಜೊತೆ ಕರ್ತೃ ಮಾಡಬೇಕೆಂದು 2010ರ ತಿದ್ದುಪಡಿ ಮಸೂದೆಯಲ್ಲಿತ್ತು. 2012ರಲ್ಲಿ ಅದು ಕಾಯ್ದೆಯಾಗಿ ಬಂದಾಗ ಆ ಮಾತು ಮಾಯವಾಗಿತ್ತು. ಕಥೆ, ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನದ ಹಕ್ಕು ಸಿಕ್ಕಿತು. ನಿರ್ದೇಶಕ ಬಾಗಿಲಾಚೆಯೇ ಉಳಿದ.

ನಮ್ಮ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲವಿಡೀ ತೋಟ ಸುತ್ತಿ ಗಿಡ ಕಾಯ್ದ ರೈಟರಿಗೆ ತಿಂಗಳ ಸಂಬಳ. ಕಾಫಿಗೆ ರೇಟು ಏರಿದರೆ ಲಾಭ ತೋಟದ ಧಣಿಗೆ. ಸ್ವಂತ ದುಡ್ಡು ಹಾಕದ, ಸ್ವಂತ ಕಥೆ ಬರೆಯದ ನಿರ್ದೇಶಕನ ಪಾಡೂ ಅಷ್ಟೇ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಅವನಿಗೆ ಸಿಗುವುದು ಒಂದೇ ಸಲದ ಸಂಭಾವನೆ.

ಗಿರೀಶ ಕಾಸರವಳ್ಳಿಯವರನ್ನು ನೋಡಿ. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’ ಎಂದು ನಾಲ್ಕು ಸ್ವರ್ಣಕಮಲ ತಂದ ಕನ್ನಡಿಗ. ಆದರೆ ‘ಘಟಶ್ರಾದ್ಧ’ದ ನಿರ್ಮಾಪಕರು ಸದಾನಂದ ಸುವರ್ಣ, ‘ತಾಯಿಸಾಹೇಬ’ದ್ದು ಜಯಮಾಲಾ, ‘ದ್ವೀಪ’ದ್ದು ಸೌಂದರ್ಯ. ಸದಭಿರುಚಿಯ ಒಬ್ಬೊಬ್ಬರು ಮುಂದೆ ಬಂದಾಗ ಒಂದೊಂದು ಚಿತ್ರ! ನಡುವೆ ಪಾಠ ಹೇಳಿದರು, ‘ಗೃಹಭಂಗ’ದಂಥ ಧಾರಾವಾಹಿ ತೆಗೆದರು.

ಮೈಸೂರಿನ ಎಂ.ಎಸ್. ಸತ್ಯು ಕಥೆ ಇನ್ನೂ ಖಾರ. ಇಡೀ ದೇಶ ಹೊಗಳಿದ ‘ಗರಮ್ ಹವಾ’ಕ್ಕೆ ಸರ್ಕಾರದ ಚಲನಚಿತ್ರ ಹಣಕಾಸು ನಿಗಮದಿಂದ ಸಿಕ್ಕಿದ್ದು ಸುಮಾರು ಎರಡೂವರೆ ಲಕ್ಷ. ಮಿಕ್ಕಿದ್ದು ಗೆಳೆಯರಿಂದ ತಂದ ಸಾಲ. ಸ್ಥಳದಲ್ಲೇ ಧ್ವನಿ ಹಿಡಿಯುವ ಯಂತ್ರಕ್ಕೆ ದುಡ್ಡಿಲ್ಲದೆ ಮಾತನ್ನೆಲ್ಲ ಆಮೇಲೆ ಸೇರಿಸಿದರು. ಕೈಯಲ್ಲಿ ಪ್ರಶಸ್ತಿ, ತಲೆಯ ಮೇಲೆ ಸಾಲ!

ಹಾಗಾದರೆ ಗಟ್ಟಿಯಾಗಿ ನೆಲೆ ನಿಂತವರು ಯಾರೂ ಇಲ್ಲವೇ? ಇದ್ದಾರೆ. ಗಿರೀಶ ಕಾರ್ನಾಡರು. 1963ರಿಂದ 1970ರವರೆಗೆ ಮದರಾಸಿನಲ್ಲಿ ಆಕ್ಸ್‌ಫರ್ಡ್ ಪ್ರಕಾಶನದ ಸಂಬಳದ ಕೆಲಸ. ಬಿ.ವಿ. ಕಾರಂತರ ಜೊತೆ ನಿರ್ದೇಶಿಸಿದ ‘ವಂಶವೃಕ್ಷ’ಕ್ಕೆ ರಾಷ್ಟ್ರಪ್ರಶಸ್ತಿ, 1973ರಲ್ಲಿ ‘ಕಾಡು’. ಹೆಸರೇನೋ ಕನ್ನಡದಲ್ಲಿ ಬಂತು. ಸಂಪಾದನೆ? ಹಿಂದಿಯ ‘ಸ್ವಾಮಿ’, ತಮಿಳಿನ ‘ಕಾದಲನ್’, 2012ರ ‘ಏಕ್ ಥಾ ಟೈಗರ್’ವರೆಗೆ ಪರಭಾಷೆಯಲ್ಲಿ ಬಣ್ಣ ಹಚ್ಚಿದರು. ಹಣಕ್ಕಾಗಿಯೂ ನಟಿಸುತ್ತೇನೆಂದು ಅವರು ಮುಚ್ಚುಮರೆ ಮಾಡಲಿಲ್ಲ. ನಾನು ಅವರನ್ನು ದೂರುವುದಿಲ್ಲ. ದುಡಿದು ತಿನ್ನುವುದು ತಪ್ಪಲ್ಲ. ಆದರೆ ಕೀರ್ತಿ ಕೊಟ್ಟ ಕನ್ನಡ ಅನ್ನವನ್ನೂ ಯಾಕೆ ಕೊಡಲಿಲ್ಲ? ಈ ಪ್ರಶ್ನೆ ಕಾರ್ನಾಡರಿಗಲ್ಲ, ನಮಗೆ!

ಬಂಗಾಳದ ಕಡೆ ತಿರುಗಿ. ಸತ್ಯಜಿತ್ ರೇ ‘ಪಥೇರ್ ಪಾಂಚಾಲಿ’ಯನ್ನು ಮುಗಿಸಿದ್ದು ಪಶ್ಚಿಮ ಬಂಗಾಳ ಸರ್ಕಾರದ ದುಡ್ಡಿನಲ್ಲಿ. 1955ರಲ್ಲಿ ತೆರೆಕಂಡ ಆ ಚಿತ್ರ ಲೋಕವೆಲ್ಲ ಸುತ್ತಿತು, ಲಾಭ ಸರ್ಕಾರದ ಖಜಾನೆಗೆ ಹೋಯಿತು. ರೇ ಕೊನೆಯವರೆಗೂ ಬಾಡಿಗೆ ಮನೆಯಲ್ಲೇ ಇದ್ದರು. ಆದರೆ ಅವರ ಮನೆಯ ಒಲೆ ಆರಲಿಲ್ಲ. ಯಾಕೆ ಗೊತ್ತೇ? ಅವರು ಬರೆದ ಫೆಲೂದಾ ಪತ್ತೇದಾರಿ ಕಥೆಗಳನ್ನು ಬಂಗಾಳಿ ಮಕ್ಕಳು ಮುಗಿಬಿದ್ದು ಕೊಂಡು ಓದಿದರು. ತಮ್ಮ ನಿರ್ದೇಶಕನನ್ನು ಬಂಗಾಳಿ ಓದುಗರು ಸಾಕಿಕೊಂಡರು. ಅವರು ಚಪ್ಪಾಳೆ ಹೊಡೆದು ಸುಮ್ಮನಾಗಲಿಲ್ಲ, ಜೇಬಿಗೆ ಕೈ ಹಾಕಿದರು.

ನಮ್ಮಲ್ಲೂ ದಾರಿ ಇದೆ. ಜನಪ್ರಿಯ ಚಿತ್ರಗಳಿಂದ ಹೆಸರಾದ ರಿಷಬ್ ಶೆಟ್ಟಿ, ನಟೇಶ್ ಹೆಗಡೆಯವರ ‘ಪೆದ್ರೊ’ ಚಿತ್ರಕ್ಕೆ ಬಂಡವಾಳ ಹಾಕಿದರು. 2021ರಲ್ಲಿ ಅದು ದಕ್ಷಿಣ ಕೊರಿಯಾದ ಬೂಸಾನ್ ಉತ್ಸವ ಮುಟ್ಟಿತು. ಕನ್ನಡದ ಗಲ್ಲಾಪೆಟ್ಟಿಗೆಯಿಂದ ಹುಟ್ಟಿದ ಹಣ ಕನ್ನಡದ ಒಳ್ಳೆಯ ಚಿತ್ರಕ್ಕೇ ಹೋದರೆ ಆಗುವುದು ಹೀಗೆ. ಆದರೆ ಆ ಪೆಟ್ಟಿಗೆಗೆ ಹಣ ಬೀಳುವುದು ನಿಮ್ಮ ಟಿಕೆಟ್ಟಿನಿಂದ, ನೆನಪಿರಲಿ.

ಕೊಡಗು ಕನ್ನಡ ಸಿನಿಮಾಕ್ಕೆ ಕೊಟ್ಟದ್ದು ಬರೀ ಮಂಜು, ಬೆಟ್ಟಗಳಲ್ಲ. ನಮ್ಮ ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ ಕಾದಂಬರಿಯನ್ನು 1973ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. ಕೊಡವ ಯೋಧನ ಕಥೆ 1990ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ವಾಯಿತು. ಕಥೆ ನಮ್ಮದು, ನೆಲ ನಮ್ಮದು. ಮುಂದಿನ ನಿರ್ದೇಶಕ ಈ ಸಭೆಯಿಂದಲೇ ಯಾಕೆ ಏಳಬಾರದು?

ಏಳುವುದಾದರೆ ಪ್ರೆಸ್ಸಿನವನ ಎರಡು ಮಾತು ಕಿವಿಗೆ ಹಾಕಿಕೊಳ್ಳಿ. ಕಥೆ, ಚಿತ್ರಕಥೆ ನೀವೇ ಬರೆದು ನಿಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಿ. ಕಾಯ್ದೆ ನಿಮ್ಮ ಕೈ ಹಿಡಿಯುವುದು ಅಲ್ಲಿ ಮಾತ್ರ. ಕರಾರನ್ನು ಕನ್ನಡದಲ್ಲೇ ಬರೆಸಿ. ಅರ್ಥವಾಗದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿ ಹಕ್ಕು ಕಳೆದುಕೊಳ್ಳಬೇಡಿ.

ನಿರ್ದೇಶಕರಾಗದವರಿಗೆ ಒಂದೇ ಮಾತು. ಒಳ್ಳೆಯ ಕನ್ನಡ ಚಿತ್ರ ಬಂದರೆ ಮೊದಲ ವಾರವೇ ಹೋಗಿ. ಎರಡನೇ ವಾರಕ್ಕೆ ಅದು ಥಿಯೇಟರಿನಲ್ಲಿ ಇರುವುದಿಲ್ಲ. ಕದ್ದ ಕಾಪಿ ಮೊಬೈಲಿಗೆ ಬಂದರೆ ಅಳಿಸಿ. ಕನ್ನಡ ಪುಸ್ತಕವನ್ನು ಎರವಲು ತರಬೇಡಿ, ಕೊಂಡು ಓದಿ.

ಬಾವುಟ ಹಿಡಿದ ಕೈ ಟಿಕೆಟ್ಟನ್ನೂ ಹಿಡಿಯಲಿ. ಆಗ ಕನ್ನಡದ ನಿರ್ದೇಶಕ ಕನ್ನಡದಲ್ಲೇ ದುಡಿದು, ಕನ್ನಡದಲ್ಲೇ ಉಂಡು, ತಲೆಯೆತ್ತಿ ಬಾಳುತ್ತಾನೆ.

ಸಿರಿಗನ್ನಡಂ ಗೆಲ್ಗೆ!